ಹೂದಾನಿಯ ತಳದಲ್ಲಿ ಸಿಂಹದ ಮುದ್ರೆ ಇದೆ, ಅದು 1880ರದ್ದಾಗಿರಬಹುದೇ?

ಒಂಟಿಕೊಪ್ಪಲಿನ ನಿಮ್ಮ ಅಜ್ಜಿಯ ಮನೆಯ ಹೂದಾನಿಯ ತಳದಲ್ಲಿ ಕಿರೀಟದ ಮೇಲೆ ನಿಂತ ಸಿಂಹ, ‘ರಾಯಲ್ ಡೌಲ್ಟನ್’ ಮತ್ತು ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಬರಹಗಳಿವೆಯೆಂದೂ, ಮಂಡ್ಯದ ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಅದನ್ನು 1880ರದ್ದೆಂದು ಹೇಳಿದರೆಂದೂ ಬರೆದಿದ್ದೀರಿ. ಅದು ಅಷ್ಟು ಹಳೆಯದಾಗಿರಲು ಸಾಧ್ಯವಿಲ್ಲ.

ಪಿಂಗಾಣಿ ಸಾಮಾನು ತಯಾರಿಸುತ್ತಿದ್ದ ಇಂಗ್ಲೆಂಡಿನ ಡೌಲ್ಟನ್ ಕಾರ್ಖಾನೆಗೆ ‘ರಾಯಲ್’ ಎಂದು ಕರೆದುಕೊಳ್ಳುವ ಅನುಮತಿ ದೊರೆತದ್ದು 1901ರಲ್ಲಿ. ಸಿಂಹ ಮತ್ತು ಕಿರೀಟದ ಮುದ್ರೆ ಬಳಕೆಗೆ ಬಂದದ್ದು ಅದರ ಮರುವರ್ಷ. ಮುದ್ರೆಯಲ್ಲಿರುವ ಅಂಶಗಳಲ್ಲಿ ಯಾವುದು ಎಲ್ಲಕ್ಕಿಂತ ತಡವಾಗಿ ಬಳಕೆಗೆ ಬಂತೋ, ವಸ್ತು ಅದಕ್ಕಿಂತ ಹಳೆಯದಾಗಿರಲಾರದು ಎಂಬುದೇ ಕಾಲನಿರ್ಣಯದ ಮೂಲಸೂತ್ರ. ಹೊರದೇಶದ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ ಕಾನೂನು ಮಾಡಿ 1891ರಿಂದ ಜಾರಿಗೊಳಿಸಿದ ಮೇಲೆ ಬರಿಯ ‘ಇಂಗ್ಲೆಂಡ್’ ಎಂಬ ಪದ ಎಲ್ಲೆಡೆ ಕಾಣಿಸಿಕೊಂಡಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಪೂರ್ಣ ರೂಪ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು.

ಇನ್ನು ನೀವು ನೋಡಬೇಕಾದದ್ದು ಮುದ್ರೆಯ ಬಲಬದಿಯನ್ನು. 1928ರಿಂದ ಹಲವು ವರ್ಷಗಳ ಕಾಲ ಡೌಲ್ಟನ್‌ನವರು ತಮ್ಮ ಎಷ್ಟೋ ವಸ್ತುಗಳಲ್ಲಿ ಮುದ್ರೆಯ ಪಕ್ಕ ಒಂದು ಪುಟ್ಟ ಅಂಕಿಯನ್ನು ಒತ್ತುತ್ತಿದ್ದರು. ಅದಕ್ಕೆ 1927 ಕೂಡಿಸಿದರೆ ತಯಾರಾದ ವರ್ಷ ಸಿಗುತ್ತದೆ. ಅಲ್ಲಿ 8 ಇದ್ದರೆ 1935 ಎಂದರ್ಥ. ಎಷ್ಟು ಸರಳ, ಎಷ್ಟು ಸೊಗಸಾದ ಲೆಕ್ಕ! ಬೆಳಕನ್ನು ಓರೆಯಾಗಿ ಹಾಯಿಸಿ ಭೂತಗನ್ನಡಿಯಲ್ಲಿ ನೋಡಿ, ಏಕೆಂದರೆ ಆ ಅಂಕಿ ಬಹಳ ಮಾಸಲಾಗಿರುತ್ತದೆ. ‘ಡಿ’ ಅಕ್ಷರದಿಂದ ಶುರುವಾಗುವ ಅಂಕಿಯಿದ್ದರೆ ಅದು ವಿನ್ಯಾಸದ ಸಂಖ್ಯೆ. ಅದನ್ನು ಇಸವಿಯೆಂದು ಓದಬೇಡಿ.

‘ಆರ್‌ಡಿ ನಂ.’ ಎಂಬ ನೋಂದಣಿ ಸಂಖ್ಯೆಯೂ ಇದ್ದೀತು. ಈ ಸಂಖ್ಯೆಗಳು 1884ರಲ್ಲಿ ಆರಂಭವಾಗಿ 1900ರ ಹೊತ್ತಿಗೆ ಮೂರೂವರೆ ಲಕ್ಷ ದಾಟಿದ್ದವು. ಆದರೆ ಅವು ಹೇಳುವುದು ವಿನ್ಯಾಸ ನೋಂದಣಿಯಾದ ಕಾಲವನ್ನು ಮಾತ್ರ. ಅದೇ ವಿನ್ಯಾಸದ ಹೂದಾನಿಯನ್ನು ಮುಂದೆ ಎಷ್ಟೋ ವರ್ಷ ತಯಾರಿಸಿರಬಹುದು. ವ್ಯಾಪಾರಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ತಳದ ಕೊಳೆ ತೆಗೆಯಲು ಮೆತ್ತನೆಯ ಬಟ್ಟೆ, ಸ್ವಲ್ಪ ಸಾಬೂನು ನೀರು ಸಾಕು. ದಯವಿಟ್ಟು ಹಿತ್ತಾಳೆ ಪಾತ್ರೆಗಳ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮೆರುಗಿನ ಮೇಲೆ ಬರೆದ ಚಿನ್ನದ ಗೆರೆಗಳು ಸವೆದುಹೋಗುತ್ತವೆ. ಮುದ್ರೆಯ ಬಲಬದಿಯ ಅಂಕಿ ಸಿಕ್ಕರೆ ಇಲ್ಲಿ ತಿಳಿಸಿ. ಸಿಗದಿದ್ದರೆ ತಳದ ಸ್ಪಷ್ಟ ಚಿತ್ರವೊಂದನ್ನು ಹಾಕಿ, ಸಿಂಹದ ಕೆಳಗಿನ ಬರಹದ ರೂಪವನ್ನು ನೋಡಿ ಮುಂದುವರಿಯಬಹುದು.