ತಾಲ್ಲೂಕಿನ ಎಷ್ಟು ಮನೆಗಳಲ್ಲಿ ಇಂಟರ್ನೆಟ್ ಇದೆ ಎಂದು ಅಳೆಯಲು 400 ಮನೆಗಳ ಸಮೀಕ್ಷೆ ಸಾಕೇ?

ಸ್ನಾತಕೋತ್ತರ ಪ್ರಬಂಧಕ್ಕಾಗಿ ನಿಮ್ಮ ತಾಲ್ಲೂಕಿನ ಮನೆಗಳಲ್ಲಿ ಇಂಟರ್ನೆಟ್ ಎಷ್ಟರಮಟ್ಟಿಗೆ ಇದೆ ಎಂದು ತಿಳಿಯಬೇಕಾಗಿದೆ, ಅದಕ್ಕೆ 400 ಮನೆಗಳು ಸಾಕೇ, ಗೂಗಲ್ ಫಾರ್ಮ್ ಹಂಚಿದರೆ ನಡೆಯುತ್ತದೆಯೇ, ಇಲ್ಲವೇ ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಪ್ರಕಟಿಸುವ ಅಂಕಿಗಳನ್ನೇ ಬಳಸಬಹುದೇ ಎಂದು ಕೇಳಿದ್ದೀರಿ. 2019ರಲ್ಲಿ ನಾನು ಬರೆದ ಪ್ರಸ್ತಾವನೆಯಲ್ಲಿ ಗೂಗಲ್ ಫಾರ್ಮ್ ಒಂದನ್ನು ಬಿಟ್ಟರೆ ಉಳಿದುದೆಲ್ಲ ಹೀಗೆಯೇ ಇತ್ತು.

ಆಗ ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಪರವಾಗಿ ಸಮೀಕ್ಷೆಯ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಹೆಣ್ಣುಮಕ್ಕಳಿಗೂ ಯುವಕರಿಗೂ ಕಂಪ್ಯೂಟರ್ ತರಬೇತಿ ಕೇಂದ್ರಗಳನ್ನು ಯಾವ ಹಳ್ಳಿಗಳಲ್ಲಿ ತೆರೆಯಬೇಕು, ಅಲ್ಲಿ ಏನನ್ನು ಕಲಿಸಬೇಕು ಎಂಬುದನ್ನು ಈ ಸಮೀಕ್ಷೆಯ ಆಧಾರದ ಮೇಲೆ ನಿರ್ಧರಿಸುವುದಿತ್ತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಮನೆಗಳಲ್ಲಿಯೂ ವ್ಯಕ್ತಿಗಳಲ್ಲಿಯೂ ತಂತ್ರಜ್ಞಾನದ ಲಭ್ಯತೆ ಮತ್ತು ಬಳಕೆಯನ್ನು ಅಳೆಯಲೆಂದೇ ಒಂದು ಕೈಪಿಡಿಯನ್ನು ಹೊರತಂದಿದೆ. ಮೊದಲು 2009ರಲ್ಲಿ ಬಂದ ಅದು 2014ರಲ್ಲಿ ಪರಿಷ್ಕೃತಗೊಂಡಿತು, ಮುಂದೆ 2020ರಲ್ಲಿಯೂ ಹೊಸ ಆವೃತ್ತಿ ಬಂದಿತು. 2014ರ ಆವೃತ್ತಿಯನ್ನು ಮುಂದಿಟ್ಟುಕೊಂಡೇ ನಾನು ಪ್ರಶ್ನಾವಳಿ ಸಿದ್ಧಪಡಿಸಿದೆ. ಮೊದಲ ಭಾಗ ಮನೆಗೆ ಸಂಬಂಧಿಸಿದ್ದು: ರೇಡಿಯೊ, ಟೀವಿ, ಫೋನ್, ಕಂಪ್ಯೂಟರ್, ಇಂಟರ್ನೆಟ್ ಇವೆಯೇ. ಎರಡನೆಯ ಭಾಗ ಮನೆಯಿಂದ ಆಯ್ಕೆಯಾದ ಒಬ್ಬ ಸದಸ್ಯರಿಗೆ ಸಂಬಂಧಿಸಿದ್ದು: ಕಳೆದ ಮೂರು ತಿಂಗಳಲ್ಲಿ ನೀವು ಇಂಟರ್ನೆಟ್ ಬಳಸಿದ್ದೀರಾ, ಎಲ್ಲಿ ಬಳಸಿದಿರಿ, ಯಾವುದರಲ್ಲಿ, ಏನು ಮಾಡಲು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು.

ಪ್ರಾಯೋಗಿಕವಾಗಿ ಕೆಲವು ಮನೆಗಳಿಗೆ ಹೋದಾಗ ಒಂದೊಂದು ಮನೆಗೂ ಒಂದು ಗಂಟೆಯ ಹತ್ತಿರ ಹಿಡಿಯಿತು. ಅದು ಸುಗ್ಗಿಯ ಕಾಲ, ಹೊಲಕ್ಕೆ ಹೊರಟವರನ್ನು ಅಷ್ಟು ಹೊತ್ತು ಕೂರಿಸುವುದು ಸಾಧ್ಯವಿರಲಿಲ್ಲ. ಗಣತಿದಾರರು ಗೊಣಗಿದರು, ಸಂಸ್ಥೆಯ ಲೆಕ್ಕಪತ್ರದವರು ದಿನಗೂಲಿಯ ಲೆಕ್ಕ ತೆಗೆದರು. ಆಗ ನಾನು ಟ್ಯಾಬ್‌ನಲ್ಲಿದ್ದ ಪ್ರಶ್ನಾವಳಿಯೊಳಗೆ ಒಂದು ಚಿಕ್ಕ ಸೂಚನೆಯನ್ನು ಸೇರಿಸಿದೆ: ‘ಮನೆಯಲ್ಲಿ ಇಂಟರ್ನೆಟ್ ಇದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ವ್ಯಕ್ತಿಗೆ ಸಂಬಂಧಿಸಿದ ಇಂಟರ್ನೆಟ್ ಪ್ರಶ್ನೆಗಳು ತೆರೆದುಕೊಳ್ಳಬಾರದು. ಮನೆಯಲ್ಲೇ ಇಲ್ಲದ್ದನ್ನು ಮನೆಯವರು ಎಲ್ಲಿಂದ ಬಳಸುತ್ತಾರೆ ಎಂಬುದು ನನ್ನ ತರ್ಕ. ಸಂದರ್ಶನದ ಅವಧಿ ಅರ್ಧಕ್ಕಿಳಿಯಿತು, ಎಲ್ಲರೂ ಸಂತೋಷಪಟ್ಟರು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದೇ ತಪ್ಪನ್ನು ಅನಂತರ ಬೇರೆಯವರ ಪ್ರಶ್ನಾವಳಿಗಳಲ್ಲಿಯೂ ಕಂಡಿದ್ದೇನೆ. ಮನೆಯ ಭಾಗಕ್ಕೆ ಉತ್ತರ ಕೊಡುವವರು ಸಾಮಾನ್ಯವಾಗಿ ಮನೆಯ ಯಜಮಾನರು. ಅವರು ‘ನಮ್ಮನ್ಯಾಗ ಅದೆಲ್ಲ ಏನೂ ಇಲ್ರಿ’ ಎಂದು ಒಂದು ಮಾತು ಹೇಳಿದೊಡನೆ, ಒಳಗಿದ್ದ ಸೊಸೆ, ಡಿಗ್ರಿ ಓದುವ ಮಗಳು, ಗಾರೆ ಕೆಲಸಕ್ಕೆ ಹೋಗುವ ಮಗ, ಇವರಲ್ಲಿ ಯಾರು ಆಯ್ಕೆಯಾಗಿದ್ದರೂ ಅವರನ್ನು ಏನೊಂದೂ ಕೇಳದೆ ಟ್ಯಾಬ್ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಿತ್ತು. ಕೇಳದ ಪ್ರಶ್ನೆಯ ಜಾಗದಲ್ಲಿ ಡೇಟಾದಲ್ಲಿ ಖಾಲಿ ಉಳಿಯುತ್ತದೆ. ವಿಶ್ಲೇಷಣೆಗೆ ಕುಳಿತಾಗ ನಾನು ಆ ಖಾಲಿಗಳನ್ನೆಲ್ಲ ಒಂದೇ ಆದೇಶದಲ್ಲಿ ಸೊನ್ನೆಯಾಗಿಸಿದೆ, ಸೊನ್ನೆ ಎಂದರೆ ‘ಬಳಸಿಲ್ಲ’. ಅಂದರೆ ಕೇಳಲ್ಪಡದವರೆಲ್ಲರೂ ‘ಇಲ್ಲ’ ಎಂದು ಉತ್ತರಿಸಿದವರಾದರು. ಸೂಚನೆಯೊಂದೇ ಆಗಿದ್ದು ಖಾಲಿಯನ್ನು ಖಾಲಿಯಾಗಿಯೇ ಬಿಟ್ಟಿದ್ದರೆ, ಕೋಷ್ಟಕದಲ್ಲಿ ಅಷ್ಟೊಂದು ಉತ್ತರಗಳು ಕಾಣೆಯಾಗಿರುವುದನ್ನು ನೋಡಿ ಯಾರಾದರೂ ಪ್ರಶ್ನಿಸುತ್ತಿದ್ದರು. ಸೊನ್ನೆ ಮಾಡಿದ್ದರಿಂದ ಕೋಷ್ಟಕ ಅಚ್ಚುಕಟ್ಟಾಗಿ ಕಂಡಿತು, ಯಾರಿಗೂ ಸಂಶಯ ಬರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ನನ್ನ ಸಮೀಕ್ಷೆಯಲ್ಲಿ ಇಂಟರ್ನೆಟ್ ಇಲ್ಲದ ಮನೆಯ ವ್ಯಕ್ತಿ ಇಂಟರ್ನೆಟ್ ಬಳಸುವುದು ಅಸಾಧ್ಯವೆಂಬುದು ಲೆಕ್ಕದ ರಚನೆಯಲ್ಲೇ ಅಡಕವಾಗಿತ್ತು. ಆದರೂ ‘ಮನೆಯಲ್ಲಿ ಇಂಟರ್ನೆಟ್ ಇಲ್ಲದಿರುವುದೇ ಬಳಕೆ ಕಡಿಮೆಯಾಗಲು ಮುಖ್ಯ ಕಾರಣ’ ಎಂದು ವರದಿಯ ಮೊದಲ ಪುಟದಲ್ಲಿ ಬರೆದೆ. ಅದು ಸಮೀಕ್ಷೆಯಿಂದ ಹೊರಟ ತೀರ್ಮಾನವಾಗಿರಲಿಲ್ಲ, ನಾನೇ ಟ್ಯಾಬ್‌ಗೆ ಹಾಕಿದ್ದ ಸೂಚನೆಯ ಪ್ರತಿಧ್ವನಿಯಾಗಿತ್ತು.

ಐಟಿಯು ವ್ಯಾಖ್ಯೆಗಳು ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿವೆ. ಮನೆಯಲ್ಲಿ ಇಂಟರ್ನೆಟ್ ಇದೆ ಎನ್ನಬೇಕಾದರೆ ಅದು ಮನೆಯ ಯಾವ ಸದಸ್ಯರಿಗಾದರೂ ಯಾವ ಹೊತ್ತಿನಲ್ಲಾದರೂ ಬಳಸಲು ದೊರೆಯುವಂತಿರಬೇಕು, ಬಳಸುತ್ತಾರೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ. ವ್ಯಕ್ತಿ ಇಂಟರ್ನೆಟ್ ಬಳಸಿದ್ದಾರೆ ಎನ್ನಲು ಕಳೆದ ಮೂರು ತಿಂಗಳಲ್ಲಿ ಎಲ್ಲಿಂದಾದರೂ, ಯಾವ ಸಾಧನದಿಂದಾದರೂ ಒಮ್ಮೆ ಬಳಸಿದ್ದರೆ ಸಾಕು. ಒಂದು ಇದ್ದು ಇನ್ನೊಂದು ಇಲ್ಲದಿರುವುದು ಎರಡೂ ದಿಕ್ಕಿನಿಂದ ಸಾಧ್ಯ. ಕೈಪಿಡಿಯನ್ನು ಓದಿದ್ದೆ, ಆದರೆ ಆ ವಾಕ್ಯಗಳನ್ನು ವ್ಯಾಖ್ಯೆಗಳೆಂದು ದಾಟಿಹೋಗಿದ್ದೆ.

ವರದಿಯನ್ನು ನಂಬಿ ಸಂಸ್ಥೆಯು ಕೇಂದ್ರಗಳನ್ನು ತೆರೆದು, ಇಂಟರ್ನೆಟ್ಟನ್ನು ಎಂದೂ ಕಾಣದವರಿಗೆಂದು ಪಾಠಗಳನ್ನು ರೂಪಿಸಿತು. ಬಂದ ಹುಡುಗಿಯರಲ್ಲಿ ಹಲವರು ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ತಾವೇ ಅರ್ಜಿ ತುಂಬಿದ್ದರು, ಚಿಕ್ಕಮ್ಮನ ಫೋನಿನಲ್ಲೋ ಗೆಳತಿಯ ಹಾಟ್‌ಸ್ಪಾಟ್‌ನಲ್ಲೋ. ಅವರಿಗೆ ಬೇಕಾಗಿದ್ದದ್ದು ಟೈಪಿಂಗ್, ಸ್ಪ್ರೆಡ್‌ಶೀಟ್‌ನಂತಹ ಕೆಲಸಗಳು, ಇಂಟರ್ನೆಟ್ ಎಂದರೇನು ಎಂಬ ಪಾಠವಲ್ಲ. ಒಂದೆರಡು ವಾರಗಳಲ್ಲೇ ಕೇಂದ್ರಗಳು ಖಾಲಿಯಾದವು. ‘ನಮ್ಮ ಅಪ್ಪನ್ನ ಕೇಳಿದ್ರಿ, ನಮ್ಮನ್ನ ಕೇಳಲಿಲ್ಲಲ್ರಿ ಸರ್’ ಎಂದು ಒಬ್ಬಳು ಹೇಳಿದ ಮೇಲೆಯೇ ನಾನು ಡೇಟಾವನ್ನು ಮತ್ತೆ ತೆರೆದು ನೋಡಿದ್ದು. ಕೇಳದ ಪ್ರಶ್ನೆಗೆ ಉತ್ತರವನ್ನು ಯಾವ ಸಂಖ್ಯಾಶಾಸ್ತ್ರವೂ ಹುಟ್ಟಿಸಿಕೊಡುವುದಿಲ್ಲವಾದ್ದರಿಂದ ವರದಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಎರಡನೆಯ ಸುತ್ತಿನ ಸಮೀಕ್ಷೆ ನಿಂತಿತು, ಅದರೊಂದಿಗೆ ನನ್ನ ಗುತ್ತಿಗೆಯೂ ಮುಗಿಯಿತು.

ವ್ಯತ್ಯಾಸದ ಇನ್ನೊಂದು ದಿಕ್ಕನ್ನು 2020 ಕಲಿಸಿತು. ಶಾಲೆಗಳು ಮುಚ್ಚಿದ್ದಾಗ ರಾಜ್ಯದಲ್ಲಿ ವಿದ್ಯಾಗಮ ಎಂಬ ಕಲಿಕಾ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ ಮಕ್ಕಳನ್ನು ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲ್ ಇರುವವರು, ಇಂಟರ್ನೆಟ್ ಸಹಿತ ಫೋನ್ ಅಥವಾ ಕಂಪ್ಯೂಟರ್ ಇರುವವರು ಎಂದು ಮೂರು ಗುಂಪು ಮಾಡಲಾಗಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಮೂರನೆಯ ಗುಂಪಿನಲ್ಲಿದ್ದ ಎಷ್ಟೋ ಮಕ್ಕಳ ಫೋನು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಗಂಗಾವತಿಗೋ ಹೊಸಪೇಟೆಗೋ ಹೊರಟುಹೋಗಿರುತ್ತಿತ್ತು. ಮನೆಯ ಲೆಕ್ಕದಲ್ಲಿ ಇಂಟರ್ನೆಟ್ ಇದೆ, ಮಗುವಿನ ಲೆಕ್ಕದಲ್ಲಿ ರಾತ್ರಿ ಎಂಟರ ನಂತರ ಡೇಟಾ ಪ್ಯಾಕ್ ಉಳಿದಿದ್ದರೆ ಉಂಟು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ‘ಎಷ್ಟು ಮನೆಗಳಲ್ಲಿ ಇಂಟರ್ನೆಟ್ ಇದೆ’ ಎಂಬುದು ಈಗ ಪ್ರಬಂಧ ಬರೆಯುವಷ್ಟು ದೊಡ್ಡ ಪ್ರಶ್ನೆಯಾಗಿ ಉಳಿದಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನಲ್ಲಿ ದೇಶದ ಶೇ 23.8ರಷ್ಟು ಮನೆಗಳಲ್ಲಿ ಮಾತ್ರ ಇಂಟರ್ನೆಟ್ ಸೌಲಭ್ಯವಿತ್ತು, ಗ್ರಾಮಗಳಲ್ಲಿ ಶೇ 14.9. ಕೇಂದ್ರ ಸರ್ಕಾರವು 2025ರ ಜನವರಿಯಿಂದ ಮಾರ್ಚ್‌ವರೆಗೆ ನಡೆಸಿದ ದೂರಸಂಪರ್ಕ ಸಮೀಕ್ಷೆಯಲ್ಲಿ ದೇಶದ ಒಟ್ಟು ಮನೆಗಳಲ್ಲಿ ಆ ಪ್ರಮಾಣ ಶೇ 86.3 ಆಗಿದೆ. ಮನೆಯ ಮಟ್ಟದ ಅಂಕಿ ಹೀಗೆ ತುಂಬುತ್ತ ಬಂದಂತೆಲ್ಲ ಅದು ತಿಳಿಸುವ ಸಂಗತಿ ಕಡಿಮೆಯಾಗುತ್ತದೆ, ಉಳಿದ ಅಂತರವೆಲ್ಲ ಮನೆಯ ಒಳಗೆ ಸೇರಿಕೊಳ್ಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2019-21ರಲ್ಲಿ ಮಹಿಳೆಯರನ್ನೇ ಕೇಳಿದಾಗ, ತಾವೇ ಬಳಸುವ ಮೊಬೈಲ್ ಇದೆ ಎಂದವರು ಶೇ 54.0 ಮಾತ್ರ. ನೀವು ಅಳೆಯಬೇಕಾದದ್ದು ಇಂಥದನ್ನು.

ಟ್ರಾಯ್ ಅಂಕಿಗಳನ್ನು ಬಿಟ್ಟುಬಿಡಿ. ಅವು ಸಿಮ್‌ಗಳ ಲೆಕ್ಕ, ಜನರ ಲೆಕ್ಕವಲ್ಲ; ಎರಡು ಸಿಮ್ ಇಟ್ಟುಕೊಂಡವರು ಅಲ್ಲಿ ಎರಡು ಬಾರಿ ಬರುತ್ತಾರೆ, ಮೇಲಾಗಿ ಆ ಅಂಕಿಗಳು ದೂರಸಂಪರ್ಕ ವಲಯವಾರು ಸಿಗುತ್ತವೆಯೇ ಹೊರತು ತಾಲ್ಲೂಕುವಾರು ಸಿಗುವುದಿಲ್ಲ. ಗೂಗಲ್ ಫಾರ್ಮ್ ವಿಚಾರವಾಗಿ ಹೆಚ್ಚು ಹೇಳುವುದಿಲ್ಲ: ಊರಿಗೆ ಬಸ್ಸು ಬರುತ್ತದೆಯೇ ಎಂದು ಬಸ್ಸಿನೊಳಗೆ ಕುಳಿತವರನ್ನೇ ಕೇಳಿದಂತೆ ಅದು. 2011ರ ಜನಗಣತಿಯ ಕೋಷ್ಟಕವನ್ನು ಆಧಾರವಾಗಿಟ್ಟುಕೊಂಡು ಹೋಲಿಸುವ ಆಸೆಯೂ ಬರಬಹುದು, ಬೇಡ. ಅಲ್ಲಿ ಇಡೀ ದೇಶಕ್ಕೆ ಶೇ 3.1 ಎಂದಿರುವುದು ಇಂಟರ್ನೆಟ್ ಇರುವ ಕಂಪ್ಯೂಟರ್ ಉಳ್ಳ ಮನೆಗಳು, ಫೋನಿನಲ್ಲಿ ಇಂಟರ್ನೆಟ್ ಬಳಸುವವರಿಗೆ ಆ ಕಲಂನಲ್ಲಿ ಜಾಗವೇ ಇರಲಿಲ್ಲ.

ವ್ಯಕ್ತಿಯ ಆಯ್ಕೆಯನ್ನು ಗಣತಿದಾರರ ಅನುಕೂಲಕ್ಕೆ ಬಿಡಬೇಡಿ. ಬಾಗಿಲು ತೆರೆದವರನ್ನೇ ಕೇಳುತ್ತ ಹೋದರೆ ಹಗಲಿನಲ್ಲಿ ವೃದ್ಧರೂ ಮನೆಯಲ್ಲಿರುವ ಹೆಂಗಸರೂ ಮಾತ್ರ ಸಿಗುತ್ತಾರೆ. ಕೊನೆಯದಾಗಿ ಯಾರ ಹುಟ್ಟುಹಬ್ಬ ಬಂದಿತ್ತೋ ಅವರನ್ನು ಆರಿಸಿ ಎಂಬ ವಿಧಾನ ಪುಸ್ತಕಗಳಲ್ಲಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅರ್ಧ ಊರಿಗೇ ಜೂನ್ 1 ಎಂದು ಬರೆದುಕೊಟ್ಟಿರುವ ನಮ್ಮ ಹಳ್ಳಿಗಳಲ್ಲಿ ಅದು ನಡೆಯುವುದಿಲ್ಲ. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲಿ ಪ್ರಕಟಿಸಿದ ಕೋಷ್ಟಕ ವಿಧಾನವನ್ನು ಬಳಸಿ: ಮನೆಯ ಅರ್ಹ ಸದಸ್ಯರೆಲ್ಲರನ್ನೂ ಪಟ್ಟಿ ಮಾಡಿ, ಮೊದಲೇ ನಿಗದಿಯಾದ ಸಂಖ್ಯೆಯ ಪ್ರಕಾರ ಒಬ್ಬರನ್ನು ಆರಿಸಿ, ಅವರು ಹೊಲದಿಂದ ಬರುವವರೆಗೆ ಕಾಯಿರಿ ಅಥವಾ ಮತ್ತೆ ಹೋಗಿ. ಅವರ ಪರವಾಗಿ ಇನ್ನೊಬ್ಬರ ಉತ್ತರವನ್ನು ಬರೆದುಕೊಳ್ಳಲೇಬೇಡಿ. ಆರು ಜನ ಅರ್ಹರಿರುವ ಮನೆಯಲ್ಲಿ ಒಬ್ಬೊಬ್ಬರಿಗೆ ಆರರಲ್ಲಿ ಒಂದು ಅವಕಾಶ ಮಾತ್ರ ಇರುವುದರಿಂದ, ಲೆಕ್ಕ ಹಾಕುವಾಗ ಆ ಉತ್ತರಕ್ಕೆ ಆರು ಪಟ್ಟು ತೂಕ ಕೊಡಬೇಕು. ಇದನ್ನು ಮರೆತರೆ ದೊಡ್ಡ ಕುಟುಂಬಗಳವರು ಅಂಕಿಯಲ್ಲಿ ಕುಗ್ಗುತ್ತಾರೆ. ಸೊಸೆಯಂದಿರನ್ನು ಮಾತನಾಡಿಸಲು ಮಹಿಳಾ ಗಣತಿದಾರರೇ ಬೇಕು, ಅತ್ತೆಯವರ ಎದುರು ಫೋನಿನ ಪ್ರಶ್ನೆಗೆ ಬರುವ ಉತ್ತರ ಅತ್ತೆಯವರಿಗಾಗಿಯೇ ಹೇಳಿದ್ದು.

ಫೋನ್ ಯಾರದು ಎಂಬುದನ್ನೂ ಸಿಮ್ ಯಾರ ಹೆಸರಿನಲ್ಲಿದೆ ಎಂಬುದರಿಂದ ತೀರ್ಮಾನಿಸಬೇಡಿ. ಚಾಲನೆಯಲ್ಲಿರುವ ಕನಿಷ್ಠ ಒಂದು ಸಿಮ್ ಇರುವ ಫೋನು ಸ್ವಂತ ಬಳಕೆಗೆ ಇದ್ದರೆ ಐಟಿಯು ಪ್ರಕಾರ ಅದು ಆ ವ್ಯಕ್ತಿಯದೇ, ನೋಂದಣಿ ಗಂಡನ ಹೆಸರಿನಲ್ಲಿದ್ದರೂ ಸರಿ. ಅಂಗನವಾಡಿ ಕಾರ್ಯಕರ್ತೆಗೆ ಕೆಲಸಕ್ಕೆಂದು ಕೊಟ್ಟ ಫೋನನ್ನು ಅವರು ಸ್ವಂತಕ್ಕೂ ಬಳಸಬಹುದಾದರೆ ಅದೂ ಸೇರುತ್ತದೆ. ಕೆಟ್ಟು ಕಪಾಟು ಸೇರಿರುವ ಲ್ಯಾಪ್‌ಟಾಪ್ ಮಾತ್ರ ಸೇರುವುದಿಲ್ಲ, ಮನೆಯವರು ಎಷ್ಟೇ ಅಭಿಮಾನದಿಂದ ತೋರಿಸಿದರೂ. ಬಳಕೆಯ ಪ್ರಶ್ನೆಯಲ್ಲಿ ವಾಟ್ಸಾಪ್, ಯೂಟ್ಯೂಬ್, ಫೋನ್‌ಪೇಗಳನ್ನು ಹೆಸರಿಸಿಯೇ ಕೇಳಿ. ಕೌಶಲದ ವಿಷಯದಲ್ಲಿ ‘ಬರುತ್ತದೆಯೇ’ ಎಂದು ಕೇಳಿದರೆ ಗಂಡಸರು ಹೌದೆಂದೂ ಹೆಂಗಸರು ಇಲ್ಲವೆಂದೂ ಹೇಳುವುದನ್ನು ಸಾಕಷ್ಟು ಕಂಡಿದ್ದೇನೆ. ಅದರ ಬದಲು ಮೂರು ತಿಂಗಳಲ್ಲಿ ಫೈಲ್ ಲಗತ್ತಿಸಿ ಇಮೇಲ್ ಕಳುಹಿಸಿದ್ದೀರಾ, ಹೊಸ ಆ್ಯಪ್ ಹಾಕಿಕೊಂಡಿದ್ದೀರಾ ಎಂದು ಮಾಡಿದ ಕೆಲಸವನ್ನು ಕೇಳಿ. ಪ್ರಶ್ನಾವಳಿ ಉದ್ದವಾಯಿತೆನಿಸಿದರೆ ರೇಡಿಯೊ, ಟೀವಿ ಪ್ರಶ್ನೆಗಳನ್ನು ಕತ್ತರಿಸಿ. ಮನೆಯ ಉತ್ತರಕ್ಕೆ ವ್ಯಕ್ತಿಯ ಪ್ರಶ್ನೆಯನ್ನು ಕಟ್ಟಿಹಾಕಬೇಡಿ, ‘ಕೇಳಿಲ್ಲ’ ಎಂಬುದಕ್ಕೆ ‘ಇಲ್ಲ’ ಎಂಬುದಕ್ಕಿಂತ ಬೇರೆಯದೇ ಆದ ಸಂಕೇತ ಕೊಡಿ.

ಇನ್ನು 400. ಎಷ್ಟು ಜನರನ್ನು ಕೇಳಬೇಕೆಂದು ಲೆಕ್ಕಹಾಕುವ ಯಮಾನೆ ಸೂತ್ರದಲ್ಲಿ ಶೇ 5ರ ದೋಷಮಿತಿ ಇಟ್ಟು ದೊಡ್ಡ ಜನಸಂಖ್ಯೆಯನ್ನು ಹಾಕಿದರೆ ಯಾವ ತಾಲ್ಲೂಕಿಗಾದರೂ ಬರುವುದು ಅದೇ ಸಂಖ್ಯೆ, ಮಾರ್ಗದರ್ಶಕರಿಗೆ ಅದು ಪ್ರಿಯವಾಗಿರುವುದೂ ಅದಕ್ಕೇ. ಅದು ತಾಲ್ಲೂಕಿನ ಎಲ್ಲ ಮನೆಗಳಿಂದ ಬಿಡಿಬಿಡಿಯಾಗಿ ಯಾದೃಚ್ಛಿಕವಾಗಿ ಆರಿಸಿದಾಗಿನ ಲೆಕ್ಕ. ನೀವು 20 ಹಳ್ಳಿಗಳಿಗೆ ಹೋಗಿ ಪ್ರತಿಯೊಂದರಲ್ಲೂ 20 ಮನೆಗಳನ್ನು ಹಿಡಿಯುವುದಾದರೆ, ಒಂದೇ ಟವರ್‌ನ ನೆರಳಿನಲ್ಲಿರುವ ಮನೆಗಳ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆಯ ಗುಣಾಂಕ 0.1 ಎಂದು ಹಿಡಿದರೂ, ಗುಂಪುಗುಂಪಾಗಿ ಆರಿಸಿದ್ದರಿಂದ ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂದು ಹೇಳುವ ವಿನ್ಯಾಸ ಪರಿಣಾಮ 2.9 ಆಗುತ್ತದೆ, ಅಂದರೆ ನಿಮ್ಮ 400 ಮನೆಗಳು ಸುಮಾರು 138 ಮನೆಗಳಷ್ಟು ಮಾತ್ರ ಮಾಹಿತಿ ಕೊಡುತ್ತವೆ. ಮಾರ್ಗದರ್ಶಕರು 400ಕ್ಕಿಂತ ಮುಂದೆ ಹೋಗಲು ಒಪ್ಪದಿದ್ದರೆ 40 ಹಳ್ಳಿಗಳಲ್ಲಿ ಹತ್ತು ಹತ್ತು ಮನೆಗಳನ್ನು ತೆಗೆದುಕೊಳ್ಳಿ, ಆಗ ಅದು ಸುಮಾರು 210 ಮನೆಗಳಿಗೆ ಸಮನಾಗುತ್ತದೆ. ಬಸ್ಸಿನ ಖರ್ಚು ಹೆಚ್ಚಾಗುತ್ತದೆ, ಅದನ್ನು ಪ್ರಸ್ತಾವನೆಯಲ್ಲಿ ಈಗಲೇ ಸೇರಿಸಿಕೊಳ್ಳಿ.