ಮಾಟುಂಗಾದ ಡಾನ್ ಬಾಸ್ಕೊ ಶಾಲೆಯಲ್ಲಿ ಓದಿ ಹೆಸರು ಮಾಡಿದವರು ಯಾರು?

ಹುಬ್ಬಳ್ಳಿಯಿಂದ ಮುಂಬೈಗೆ ಬಂದಿದ್ದೀರಿ. ಮಗನಿಗೆ ಕ್ರಿಕೆಟ್ ಹುಚ್ಚು. ಅವನನ್ನು ಮಾಟುಂಗಾದ ಡಾನ್ ಬಾಸ್ಕೊಗೆ ಸೇರಿಸುವ ಯೋಚನೆಯಲ್ಲಿದ್ದೀರಿ. ಅಲ್ಲಿ ಓದಿದ ದೊಡ್ಡವರು ಯಾರು ಅಂತ ಕೇಳಿದ್ದೀರಿ. ನಾನು ಮಾಟುಂಗಾದವನೇ. ಇಲ್ಲಿನ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್‌ನ ಕಾರ್ಯಕ್ರಮಗಳಿಗೆ ಹೋಗುತ್ತಾ ಬೆಳೆದವನು. ಶಾಲಾ ಪಂದ್ಯಗಳಿಗೆ ಬಹಳ ಕಾಲ ಸ್ಕೋರ್ ಬರೆದಿದ್ದೇನೆ. ಹಾಗಾಗಿ ನನ್ನ ಉತ್ತರ ಒಂದೇ ಹೆಸರಿನ ಸುತ್ತ ಜಾಸ್ತಿ ಸುತ್ತುತ್ತದೆ: ರವಿ ಶಾಸ್ತ್ರಿ.

ಹುಟ್ಟಿದ್ದು ಇಲ್ಲೇ ಮುಂಬೈಯಲ್ಲಿ, 1962ರಲ್ಲಿ. ಮನೆತನದ ಮೂಲ ಮಂಗಳೂರು ಕಡೆ. ಅದಕ್ಕೇ ಇಲ್ಲಿನ ನಮ್ಮ ಜನಕ್ಕೆ ಅವರ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ಆದರೆ ಟಿವಿಯಲ್ಲಿ ಕಂಡ ಶಾಸ್ತ್ರಿಗಿಂತ ಶಾಲೆಯ ಶಾಸ್ತ್ರಿಯ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಮುಂಬೈ ಶಾಲೆಗಳಿಗೆ ಎರಡು ದೊಡ್ಡ ಟೂರ್ನಿ. 14ರೊಳಗಿನವರಿಗೆ ಗೈಲ್ಸ್ ಶೀಲ್ಡ್, 16ರೊಳಗಿನವರಿಗೆ ಹ್ಯಾರಿಸ್ ಶೀಲ್ಡ್. 1976ರಲ್ಲಿ ಡಾನ್ ಬಾಸ್ಕೊ ಗೈಲ್ಸ್ ಫೈನಲ್ ತಲುಪಿ ಸೇಂಟ್ ಮೇರೀಸ್ ಎದುರು ಸೋತಿತು. ಆ ಸೇಂಟ್ ಮೇರೀಸ್ ತಂಡದಲ್ಲಿ ಶಿಶಿರ್ ಹಟ್ಟಂಗಡಿ ಇದ್ದರು. ಮುಂದೆ ರಣಜಿ ಆಡಿದವರು. ಸೋತ ತಂಡದಲ್ಲಿ ಶಾಸ್ತ್ರಿ ಇದ್ದರು. ಮರುವರ್ಷ ಅವರೇ ನಾಯಕ. 1977ರಲ್ಲಿ ಡಾನ್ ಬಾಸ್ಕೊ ಶೀಲ್ಡ್ ಗೆದ್ದಿತು, ಶಾಲೆಯ ಇತಿಹಾಸದಲ್ಲೇ ಮೊದಲ ಸಲ. ಮುಂದೆ ಅವರು ಒಂದೇ ಓವರಿನಲ್ಲಿ ಹೊಡೆದ ಆರು ಸಿಕ್ಸರ್‌ಗಳಿಗಿಂತ ನನಗೆ ಇದೇ ದೊಡ್ಡದು. ಹದಿನಾಲ್ಕರ ಹುಡುಗ ಸೋಲು ನುಂಗಿಕೊಂಡು, ಮರುವರ್ಷ ಅದೇ ಟೂರ್ನಿಗೆ ತಂಡ ಕಟ್ಟಿಕೊಂಡು ಬರುವುದು ಸಣ್ಣ ಮಾತಲ್ಲ.

ಆಗ ಶಾಲೆಯಲ್ಲಿ ಕೋಚ್ ಆಗಿದ್ದವರು ಬಿ.ಡಿ. ದೇಸಾಯಿ. ದಾದರ್ ಯೂನಿಯನ್ ಕ್ಲಬ್ ಪರ ಆಡಿದ್ದವರು. ಗಾವಸ್ಕರ್, ವೆಂಗ್‌ಸರ್ಕಾರ್ ಆಡಿದ್ದೂ ಅದೇ ಕ್ಲಬ್ಬಿಗೆ. ಅಂದರೆ ಕ್ಲಬ್ಬಿನ ಶಿಸ್ತು ನೇರವಾಗಿ ಶಾಲೆಯ ಮೈದಾನಕ್ಕೆ ಬರುತ್ತಿತ್ತು. ಮುಂದೆ ಶಾಸ್ತ್ರಿ ಓದಿದ್ದು ಇಲ್ಲೇ ಹತ್ತಿರದ ಪೋದಾರ್ ಕಾಲೇಜಿನಲ್ಲಿ. 18ರ ವಯಸ್ಸಿಗೆ, 1981ರಲ್ಲಿ, ಭಾರತ ತಂಡದ ಸ್ಪಿನ್ನರ್ ದಿಲೀಪ್ ದೋಶಿ ಗಾಯಗೊಂಡಾಗ ನ್ಯೂಜಿಲೆಂಡಿಗೆ ಕರೆ ಬಂತು. ವೆಲಿಂಗ್ಟನ್ ಟೆಸ್ಟಿನ ಹಿಂದಿನ ರಾತ್ರಿ ಅಲ್ಲಿ ಇಳಿದರು. ಎರಡನೇ ಇನ್ನಿಂಗ್ಸ್‌ನಲ್ಲಿ ನಾಲ್ಕು ಎಸೆತಕ್ಕೆ ಮೂರು ವಿಕೆಟ್ ಕಿತ್ತರು. ಬ್ಯಾಟಿಂಗಿನಲ್ಲಿ ಹತ್ತನೇ ಕ್ರಮಾಂಕದಲ್ಲಿದ್ದವರು ಕೆಲವೇ ವರ್ಷಗಳಲ್ಲಿ ಆರಂಭಿಕರಾದರು. 1985ರ ಜನವರಿಯಲ್ಲಿ ವಾಂಖೆಡೆಯಲ್ಲಿ ಬರೋಡದ ತಿಲಕ್ ರಾಜ್ ಅವರ ಒಂದೇ ಓವರಿನಲ್ಲಿ ಆರು ಸಿಕ್ಸರ್. ಪ್ರಥಮ ದರ್ಜೆಯಲ್ಲಿ ಅದಕ್ಕೂ ಮುಂಚೆ ಹಾಗೆ ಹೊಡೆದಿದ್ದವರು ವೆಸ್ಟ್ ಇಂಡೀಸ್‌ನ ಸೋಬರ್ಸ್ ಒಬ್ಬರೇ. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ‘ಚಾಂಪಿಯನ್ ಆಫ್ ಚಾಂಪಿಯನ್ಸ್’ ಪ್ರಶಸ್ತಿ, ಜೊತೆಗೆ ಬಹುಮಾನವಾಗಿ ಆ ಆಡಿ ಕಾರು. ಆಮೇಲಿನ ಕಾಮೆಂಟರಿ, ತಂಡದ ಕೋಚ್ ಹುದ್ದೆ ಎಲ್ಲ ನಿಮಗೆ ಗೊತ್ತೇ ಇದೆ.

ಬೇರೆ ಹಳೆಯ ಶಾಲೆಗಳನ್ನೂ ನೋಡಿ. ಫೋರ್ಟ್ ಕಡೆಯ ಸೇಂಟ್ ಝೇವಿಯರ್ಸ್ 1869ರದ್ದು, ಅಲ್ಲಿ ಓದಿದವರು ಗಾವಸ್ಕರ್. 1966ರಲ್ಲಿ ದೇಶದ ಅತ್ಯುತ್ತಮ ಶಾಲಾ ಕ್ರಿಕೆಟಿಗ ಅನ್ನಿಸಿಕೊಂಡರು. 1988ರಲ್ಲಿ ಆಜಾದ್ ಮೈದಾನದಲ್ಲಿ ಸಚಿನ್ ಮತ್ತು ಕಾಂಬ್ಳಿ 664 ರನ್ ಜೊತೆಯಾಟ ಆಡಿದ್ದು ಇದೇ ಶಾಲೆಯ ಹುಡುಗರ ಎದುರು. ಪಾಪ, ಆ ಬೌಲರ್‌ಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಲ್ವಾ? ಅವರೂ ಬಿಸಿಲಲ್ಲಿ ಓಡಿದವರೇ. ಮಜಗಾಂವ್‌ನ ಸೇಂಟ್ ಮೇರೀಸ್‌ನಿಂದ ಸಂಗೀತದ ಝುಬಿನ್ ಮೆಹ್ತಾ ಬಂದರು.

ಇಷ್ಟೆಲ್ಲ ಹೇಳಿದ ಕಾರಣ ಒಂದಿದೆ. ಮುಂಬೈಯಲ್ಲಿ ಕ್ರಿಕೆಟ್ ಆಡುವ ಮಕ್ಕಳ ಮನೆಯವರು ಶಾಲೆಯ ಹೆಸರಿನ ಜೊತೆ ಕೋಚ್ ಯಾರು ಅಂತಲೂ ನೋಡುತ್ತಾರೆ. ತಮ್ಮ ಕೋಚ್ ಆಚ್ರೇಕರ್ ಸರ್ ಮಾತು ಕೇಳಿ ಸಚಿನ್ ಬಾಂದ್ರಾದ ಶಾಲೆ ಬಿಟ್ಟು ದಾದರ್‌ನ ಶಾರದಾಶ್ರಮಕ್ಕೆ ಸೇರಿದ್ದು ಹೀಗೆಯೇ. ನೀವೂ ಅಡ್ಮಿಷನ್ನಿಗೆ ಹೋದಾಗ ಸುಮ್ನೆ ಗೋಡೆ ಮೇಲಿನ ಫೋಟೊ ನೋಡಿ ಬರಬೇಡಿ. ಈಗ ಕೋಚ್ ಯಾರು, ಎಷ್ಟು ವರ್ಷದಿಂದ ಇದ್ದಾರೆ, ಹನ್ನೊಂದರಲ್ಲಿ ಜಾಗ ಸಿಗದ ಹುಡುಗರಿಗೂ ನೆಟ್ಸ್‌ನಲ್ಲಿ ಬ್ಯಾಟಿಂಗ್ ಸಿಗುತ್ತದಾ ಅಂತ ಕೇಳಿ. ಸಾಧ್ಯವಾದರೆ ಆ ಶಾಲೆಯ ಒಂದು ಪಂದ್ಯವನ್ನು ಮಗನ ಜೊತೆ ಕೂತು ನೋಡಿ, ಆಮೇಲೆ ಫಾರ್ಮ್ ತುಂಬಿ.