ಓದುಗರ ಪ್ರಶ್ನೋತ್ತರ: ಕಾಗದದ ಸರಕು, ಹೊರದೇಶದ ಅಂಚೆ

ಕಾರ್ಡು, ಸ್ಟಿಕ್ಕರು, ಪುಟ್ಟ ನೋಟ್‌ಬುಕ್ಕು, ಮುದ್ರಿತ ಚಿತ್ರ ಇಂಥವನ್ನು ಆನ್‌ಲೈನ್‌ನಲ್ಲಿ ಮಾರಿ ಬೇರೆ ದೇಶಕ್ಕೆ ಅಂಚೆಯಲ್ಲಿ ಕಳಿಸುವ ಓದುಗರ ಪ್ರಶ್ನೆಗಳನ್ನು ಈ ಕಂತಿಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಎರಡು ಪೋಸ್ಟ್‌ಕಾರ್ಡ್, ಒಂದು ಹಾಳೆ ಸ್ಟಿಕ್ಕರ್. ಎಲ್ಲವೂ ಕಾಗದವೇ. ಮಾಮೂಲಿ ಪತ್ರದ ಹಾಗೆ ಲಕೋಟೆಗೆ ಹಾಕಿ ಸ್ಟಾಂಪ್ ಅಂಟಿಸಿದರೆ ಸಾಲದೆ? ಇದುವರೆಗೆ ಹಾಗೇ ಕಳಿಸಿದ್ದೇನೆ, ಮುಟ್ಟಿವೆ.

ಸಾಲದು. ಅಂಚೆಯವರ ಲೆಕ್ಕದಲ್ಲಿ ದಾಖಲೆಪತ್ರ ಬೇರೆ, ಸರಕು ಬೇರೆ. ವಸ್ತು ಕಾಗದದ್ದೋ ಕಬ್ಬಿಣದ್ದೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ನೀವು ಬರೆದ ಕಾಗದ, ರಸೀದಿ, ಸಹಿ ಮಾಡಿದ ಒಪ್ಪಂದ ಇವು ದಾಖಲೆಪತ್ರ. ಗಿರಾಕಿ ಹಣ ಕೊಟ್ಟು ಕೊಂಡ ಸ್ಟಿಕ್ಕರ್ ಐದೇ ಗ್ರಾಂ ತೂಗಿದರೂ ಸರಕು. ಸರಕಿದ್ದ ಮೇಲೆ ಸಿಎನ್22 ಎಂಬ ಕಸ್ಟಮ್ಸ್ ಚೀಟಿ ಲಕೋಟೆಯ ಮೇಲಿರಬೇಕು. ಮೌಲ್ಯ 300 ಎಸ್‌ಡಿಆರ್ ದಾಟಿದರೆ ಅದರ ಬದಲು ದೊಡ್ಡ ನಮೂನೆ ಸಿಎನ್23. ಎಸ್‌ಡಿಆರ್ ಎಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ನಿಮ್ಮ ಅಂಚೆ ಇಲಾಖೆ ಈ ಮಿತಿಯನ್ನು ತನ್ನ ನಾಣ್ಯದಲ್ಲೇ ಹೇಳುತ್ತದೆ.

ಚೀಟಿ ಅಂಟಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಸರಕಿರುವ ಪ್ರತಿ ಲಕೋಟೆಯ ವಿವರವೂ ಅದು ಹೊರಡುವ ಮೊದಲೇ ಗಣಕದ ಮೂಲಕ ಆ ದೇಶಕ್ಕೆ ತಲುಪಬೇಕೆಂಬುದು 2021ರಿಂದ ವಿಶ್ವ ಅಂಚೆ ಒಕ್ಕೂಟದ ನಿಯಮ. ಕೈಬರಹದ ಚೀಟಿಯೊಂದನ್ನೇ ನಂಬಿ ಡಬ್ಬಿಗೆ ಹಾಕಿದ ಲಕೋಟೆ ವಿಂಗಡಣಾ ಕೇಂದ್ರದಿಂದಲೇ ವಾಪಸ್ ಬರುವುದು ಇದೇ ಕಾರಣಕ್ಕೆ. ಅಂಚೆಯ ಜಾಲತಾಣದಲ್ಲಿ ನೀವೇ ವಿವರ ತುಂಬಿ ಚೀಟಿ ಮುದ್ರಿಸಿಕೊಳ್ಳಿ, ಇಲ್ಲವೇ ಕೌಂಟರಿನಲ್ಲಿ ಕೊಟ್ಟು ಅವರಿಂದ ತುಂಬಿಸಿ.

ಇದುವರೆಗಿನವು ಮುಟ್ಟಿದ್ದು ತೆಳ್ಳಗಿನ ಲಕೋಟೆಯನ್ನು ಯಾರೂ ತೆರೆದು ನೋಡದ ಕಾರಣಕ್ಕೆ. ಸಿಕ್ಕಿಬಿದ್ದ ದಿನ ಅದು ಹಿಂದಿರುಗಬಹುದು, ಅಲ್ಲೇ ನಾಶವೂ ಆಗಬಹುದು. ಸುಳ್ಳು ವರ್ಗದಲ್ಲಿ ಹೋದ ಲಕೋಟೆಗೆ ಪರಿಹಾರ ಕೇಳಲು ಬರುವುದಿಲ್ಲ.

ಪ್ರಶ್ನೆ: ಚೀಟಿಯಲ್ಲಿ ‘ಸ್ಟೇಷನರಿ’ ಎಂದು ಬರೆದಿದ್ದೆ, ವಿವರಣೆ ಸಾಲದು ಎಂದು ತಿರಸ್ಕರಿಸಿದರು. ಏನು ಬರೆಯಬೇಕು? ಎಚ್‌ಎಸ್ ಸಂಖ್ಯೆ ಎಲ್ಲಿ ಸಿಗುತ್ತದೆ?

‘ಸ್ಟೇಷನರಿ’, ‘ಕಾಗದದ ವಸ್ತು’, ‘ಕಲಾಕೃತಿ’, ‘ಉಡುಗೊರೆ’ ಇವೆಲ್ಲ ಏನನ್ನೂ ಹೇಳದ ಮಾತುಗಳು. ಐರೋಪ್ಯ ಒಕ್ಕೂಟವಂತೂ ಇಂಥ ಅಸ್ಪಷ್ಟ ಪದಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಪೆಟ್ಟಿಗೆ ತೆರೆಯದ ಅಧಿಕಾರಿಗೂ ಒಳಗೇನಿದೆ ಎಂದು ತಿಳಿಯಬೇಕು. ವಸ್ತು ಯಾವುದು, ಯಾವುದರಿಂದ ಆದದ್ದು, ಎಷ್ಟಿದೆ ಎಂಬ ಮೂರೂ ಬರಲಿ: ‘ಮುದ್ರಿತ ಪೋಸ್ಟ್‌ಕಾರ್ಡ್, ಕಾಗದ, 6’, ‘ಅಂಟುಳ್ಳ ಮುದ್ರಿತ ಸ್ಟಿಕ್ಕರ್, ಕಾಗದ, 2 ಹಾಳೆ’. ಇದನ್ನು ಇಂಗ್ಲಿಷ್, ಫ್ರೆಂಚ್ ಅಥವಾ ಆ ದೇಶದವರು ಒಪ್ಪುವ ಭಾಷೆಯಲ್ಲಿ ಬರೆಯಬೇಕು.

ಎಚ್‌ಎಸ್ ಎಂಬುದು ವಿಶ್ವ ಕಸ್ಟಮ್ಸ್ ಸಂಸ್ಥೆಯ ಸರಕು ಪಟ್ಟಿ. ಮೊದಲ ಆರು ಅಂಕಿ ಅದನ್ನು ಬಳಸುವ ದೇಶಗಳಲ್ಲೆಲ್ಲ ಒಂದೇ. ಮುಂದಿನ ಅಂಕಿಗಳು ಆಯಾ ದೇಶದವು. ನಿಮ್ಮ ವ್ಯಾಪಾರಕ್ಕೆ ಬೇಕಾದದ್ದು ಬಹುಪಾಲು 48 ಮತ್ತು 49ನೇ ಅಧ್ಯಾಯದಲ್ಲೇ ಸಿಗುತ್ತದೆ. ಮುದ್ರಿತ ಪೋಸ್ಟ್‌ಕಾರ್ಡ್ ಮತ್ತು ಶುಭಾಶಯ ಪತ್ರ 4909. ಚಿತ್ರದ ಪ್ರಿಂಟು, ಫೋಟೋ 4911.91. ಕ್ಯಾಲೆಂಡರ್ 4910. ನೋಟ್‌ಬುಕ್, ಡೈರಿ 4820.10. ಬರಿ ಲಕೋಟೆ 4817.10. ಮುದ್ರಿತ ಲೇಬಲ್ 4821.10. ಉಜ್ಜಿ ಅಥವಾ ನೀರು ಹಚ್ಚಿ ವರ್ಗಾಯಿಸುವ ಚಿತ್ರ, ಅಂದರೆ ಚರ್ಮದ ಮೇಲೆ ಹಚ್ಚುವ ತಾತ್ಕಾಲಿಕ ಹಚ್ಚೆಯಂಥದ್ದು, 4908.

ತಕರಾರು ಬರುವುದು ಸ್ಟಿಕ್ಕರಿನಲ್ಲಿ. ಹೆಸರು, ಬೆಲೆ ತೋರಿಸುವ ಚೀಟಿಯಾದರೆ ಅದು ಲೇಬಲ್. ಚಿತ್ರವೇ ಮುಖ್ಯವಾದ ಅಲಂಕಾರದ ಸ್ಟಿಕ್ಕರನ್ನು ಸಾಮಾನ್ಯವಾಗಿ 4911ರಲ್ಲಿ ತೋರಿಸುತ್ತಾರೆ. ಪ್ಲಾಸ್ಟಿಕ್ಕಿನ ವಿನೈಲ್ ಹಾಳೆಯಾದರೆ ಕೆಲವೆಡೆ 39ನೇ ಅಧ್ಯಾಯದ ಪ್ರಶ್ನೆ ಏಳುತ್ತದೆ. ಹಾಗಾಗಿ ವಿವರಣೆಯಲ್ಲಿ ‘ವಿನೈಲ್’ ಎಂಬುದನ್ನು ಮುಚ್ಚಿಡಬೇಡಿ. ಅಂಗಡಿಯ ಪ್ರತಿ ಸರಕಿಗೂ ವಿವರಣೆ, ಎಚ್‌ಎಸ್, ತೂಕ, ತಯಾರಾದ ದೇಶ ಇಷ್ಟನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು ಪ್ರತಿ ಸಲ ಅದರಿಂದಲೇ ಎತ್ತಿ ಹಾಕಿ. ಇಂದು ಒಂದು ಹೆಸರು, ನಾಳೆ ಇನ್ನೊಂದು ಎಂದಾಗಲೇ ಗೊಂದಲ. ‘ತಯಾರಾದ ದೇಶ’ ಎಂದರೆ ವಸ್ತು ಮುದ್ರಣವಾದ ದೇಶ. ಬೇರೆ ದೇಶದಲ್ಲಿ ಮುದ್ರಿಸಿ ತರಿಸಿದ್ದರೆ ಅದರ ಹೆಸರೇ ಬರಬೇಕು.

ಪ್ರಶ್ನೆ: ಮನೆಯಲ್ಲಿ ತೂಗಿದಾಗ ಪತ್ರದ ಮಿತಿಯೊಳಗೇ ಇತ್ತು. ಕೌಂಟರಿನಲ್ಲಿ ಪ್ಯಾಕೆಟ್ ದರ ಹಾಕಿದರು. ಕಾರ್ಡ್ ಬಾಗದಿರಲೆಂದು ರಟ್ಟು ಇಟ್ಟಿದ್ದೆ, ಅಷ್ಟೇ.

ಆ ರಟ್ಟೇ ಕಾರಣ. ದರ ನಿಂತಿರುವುದು ತೂಕದ ಮೇಲೆ ಮಾತ್ರವಲ್ಲ; ಉದ್ದಗಲ, ದಪ್ಪ, ಬಾಗುವ ಗುಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಿಶ್ವ ಅಂಚೆ ಒಕ್ಕೂಟದ ವರ್ಗೀಕರಣದಲ್ಲಿ ಸಣ್ಣ ಪತ್ರ ಎಂದರೆ 165 × 245 ಮಿ.ಮೀ. ಒಳಗೆ, ದಪ್ಪ 5 ಮಿ.ಮೀ., ತೂಕ 100 ಗ್ರಾಂ. ದೊಡ್ಡ ಪತ್ರ 305 × 381 ಮಿ.ಮೀ., ದಪ್ಪ 20 ಮಿ.ಮೀ., ತೂಕ 500 ಗ್ರಾಂ. ಇವುಗಳಲ್ಲಿ ಯಾವುದೊಂದು ಮಿತಿ ಮೀರಿದರೂ ಮೇಲಿನ ವರ್ಗ. ನಿಮ್ಮ ಅಂಚೆಯ ದರಪಟ್ಟಿಯಲ್ಲಿ ಅಳತೆ ತುಸು ಬೇರೆ ಇರಬಹುದು. ಸರಕಿದ್ದರೆ ತೂಕ ಎಷ್ಟೇ ಇರಲಿ ಪ್ಯಾಕೆಟ್ ದರವೇ ಎನ್ನುವ ದೇಶಗಳೂ ಉಂಟು. ಅಂಥ ಕಡೆ ರಟ್ಟು ತೆಗೆದು ಏನೂ ಉಳಿಸಲಾಗದು. ದರಪಟ್ಟಿಯ ಈ ಸಾಲನ್ನೇ ಮೊದಲು ಓದಿ.

ತೂಕವನ್ನು ಲೆಕ್ಕ ಹಾಕಿಯೇ ತಿಳಿಯಬಹುದು: ಉದ್ದ ಮತ್ತು ಅಗಲವನ್ನು ಮೀಟರಿನಲ್ಲಿ ಗುಣಿಸಿ, ಅದನ್ನು ಜಿಎಸ್‌ಎಂನಿಂದ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕ) ಗುಣಿಸಿದರೆ ಗ್ರಾಂ ಬರುತ್ತದೆ. 300 ಜಿಎಸ್‌ಎಂನ ಎ6 ಪೋಸ್ಟ್‌ಕಾರ್ಡ್ 0.105 × 0.148 × 300, ಅಂದರೆ 4.7 ಗ್ರಾಂ. ಮಡಚಿದರೆ ಎ6 ಆಗುವ ಶುಭಾಶಯ ಪತ್ರ ಇದರ ಎರಡರಷ್ಟು, 9.3 ಗ್ರಾಂ. 100 ಜಿಎಸ್‌ಎಂನ 24 ಹಾಳೆ, 250 ಜಿಎಸ್‌ಎಂ ರಕ್ಷಾಪುಟದ ಎ5 ನೋಟ್‌ಬುಕ್ ಸುಮಾರು 90 ಗ್ರಾಂ. ಅದನ್ನು 100 ಗ್ರಾಂ ಒಳಗೆ ಕೂರಿಸಬೇಕೆಂದರೆ ಲಕೋಟೆ, ಕವರು, ಚೀಟಿ ಎಲ್ಲಕ್ಕೂ ಸೇರಿ ಹತ್ತೇ ಗ್ರಾಂ ಉಳಿಯಿತು. ಕಾಗದ ಗಾಳಿಯ ತೇವ ಹೀರಿ ಭಾರವಾಗುವುದರಿಂದ ಗಡಿಯಂಚಿನ ತೂಕವನ್ನು ನಂಬುವಂತಿಲ್ಲ. ನೂರಕ್ಕೆ ನಾಲ್ಕೈದರಷ್ಟಾದರೂ ಜಾಗ ಬಿಡಿ. ತಕ್ಕಡಿ ಒಂದೊಂದು ಗ್ರಾಂ ತೋರಿಸುವಂಥದ್ದಿರಲಿ.

ಇನ್ನು ಬಾಗುವ ವಿಷಯ. ಪತ್ರ ವಿಂಗಡಿಸುವ ಯಂತ್ರ ಲಕೋಟೆಯನ್ನು ಪಟ್ಟಿಗಳ ನಡುವೆ ಹಿಡಿದು ಉರುಳೆಗಳ ಸುತ್ತ ಎಳೆದೊಯ್ಯುತ್ತದೆ. ಬಾಗದ ರಟ್ಟು ಅಲ್ಲಿ ಸಿಕ್ಕಿಕೊಂಡರೆ ಹರಿಯುವುದು ಲಕೋಟೆ. ಲೋಹದ ಕ್ಲಿಪ್ಪು, ಮೇಣದ ಮುದ್ರೆ, ಉಬ್ಬಿದ ಗುಂಡಿಯಂಥ ಅಲಂಕಾರಗಳದ್ದೂ ಇದೇ ಪಾಡು. ಮೇಣದ ಮುದ್ರೆ ಬೇಕೇ ಬೇಕೆಂದರೆ ಒಳಗಿನ ಲಕೋಟೆಗೆ ಒತ್ತಿ, ಹೊರಗೆ ಇನ್ನೊಂದು ಲಕೋಟೆ ಹಾಕಿ. ಒಂದೆರಡು ಕಾರ್ಡಿಗೆ 350–400 ಜಿಎಸ್‌ಎಂನ ಒಂದು ಹಾಳೆ ಆಸರೆ ಸಾಕು. ದೊಡ್ಡ ಪ್ರಿಂಟಿಗೆ ಮಾತ್ರ ಗಟ್ಟಿ ರಟ್ಟು ಹಾಕಿ, ಪ್ಯಾಕೆಟ್ ದರವನ್ನು ಮೊದಲೇ ಬೆಲೆಯಲ್ಲಿ ಸೇರಿಸಿ. ತೆಳು ರಟ್ಟು ಎರಡಿದ್ದರೆ ಒಂದರ ಎಳೆ ಅಡ್ಡಕ್ಕೆ, ಇನ್ನೊಂದರದು ಉದ್ದಕ್ಕೆ ಬರುವಂತೆ ಜೋಡಿಸಿ. ಒಂದು ಬಾಗುವ ದಿಕ್ಕನ್ನು ಇನ್ನೊಂದು ತಡೆಯುತ್ತದೆ.

ಒಳಗಿನ ಪಾರದರ್ಶಕ ಕವರು ಪಾಲಿಪ್ರೊಪಿಲೀನ್‌ನದ್ದಾಗಿರಲಿ. ಪಿವಿಸಿ ಕವರು ಸೆಖೆಯಲ್ಲಿ ಮುದ್ರಣದ ಶಾಯಿಗೆ ಅಂಟಿಕೊಳ್ಳುತ್ತದೆ. ವಿಳಾಸದ ಲೇಬಲ್ಲಿಗೆ ಶಾಖದಿಂದ ಮುದ್ರಿಸುವ ಕಾಗದ ಬಳಸುತ್ತಿದ್ದರೆ, ಬಿಸಿಲಿಗೆ ಬಿದ್ದಾಗ ಅದು ಕಪ್ಪಾಗುವುದೂ ಅಕ್ಷರ ಮಾಸುವುದೂ ಉಂಟೆಂದು ನೆನಪಿಡಿ. ಒಳಗೊಂದು ಚೂರು ಕಾಗದದಲ್ಲಿ ಎರಡೂ ವಿಳಾಸ ಬರೆದಿಟ್ಟರೆ ಹೊರಗಿನದು ಹಾಳಾದಾಗ ಅದೇ ಆಸರೆ.

ಪ್ರಶ್ನೆ: ಒಣಹೂ ಅಂಟಿಸಿದ ಕಾರ್ಡ್, ಬಿತ್ತಿದರೆ ಮೊಳೆಯುವ ಬೀಜದ ಕಾಗದ ಕಳಿಸಬಹುದೆ?

ಬೀಜದ ಕಾಗದವನ್ನು ಹೊರದೇಶದ ಪಟ್ಟಿಯಿಂದ ತೆಗೆದುಬಿಡಿ. ಕಸ್ಟಮ್ಸಿನ ಕಣ್ಣಿಗೆ ಅದು ಬೀಜ. ಸಸ್ಯ ರೋಗ ತಡೆಯ ಕಾನೂನು ಅನ್ವಯಿಸುತ್ತದೆ. ಬಹಳಷ್ಟು ದೇಶಗಳು ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತವೆ, ಅದು ಒಂದು ಕಾರ್ಡಿನ ವ್ಯಾಪಾರಕ್ಕೆ ಹೊಂದುವ ಮಾತಲ್ಲ. ಒತ್ತಿ ಒಣಗಿಸಿದ ಹೂವೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ಕಡೆ ತಪಾಸಣೆಗೆ ಸಿಗುತ್ತದೆ. ಹೂವಿನ ಚಿತ್ರ ಮುದ್ರಿಸಿ ಕಳಿಸಿದರೆ ಈ ರಗಳೆ ಇಲ್ಲ.

ಇನ್ನೂ ಕೆಲವು ಹೊಂಡಗಳಿವೆ. ತೆರೆದರೆ ಹಾಡುವ ಕಾರ್ಡಿನಲ್ಲಿ ಗುಂಡಿ ಬ್ಯಾಟರಿ ಇರುತ್ತದೆ. ಲಿಥಿಯಂ ಆದರೆ ವಾಯು ಸಾಗಣೆಯ ನಿರ್ಬಂಧವಿದೆ, ಮುಟ್ಟಲೇ ಒಪ್ಪದ ಅಂಚೆಗಳೂ ಇವೆ. ಹಳೆಯ ನೋಟು, ನಾಣ್ಯಗಳನ್ನು ಕಾರ್ಡಿಗೆ ಅಂಟಿಸಿ ಸಾದಾ ಅಂಚೆಯಲ್ಲಿ ಕಳಿಸುವಂತಿಲ್ಲ. ಭೂಪಟದ ಪ್ರಿಂಟಿನಲ್ಲಿ ವಿವಾದದ ಗಡಿಯಿದ್ದರೆ ಮುಟ್ಟುಗೋಲಾಗಬಹುದು. ಆ ದೇಶ ಯಾವ ಗೆರೆಯನ್ನು ಒಪ್ಪುತ್ತದೆ ಎಂದು ನೋಡದೆ ಮಾರಬೇಡಿ.

ಪ್ರಶ್ನೆ: ಐರೋಪ್ಯ ಒಕ್ಕೂಟದ ಗಿರಾಕಿಯೊಬ್ಬರು, ಬಾಗಿಲಲ್ಲಿ ತೆರಿಗೆಯ ಜೊತೆ ನಿರ್ವಹಣಾ ಶುಲ್ಕವನ್ನೂ ಕೇಳಿದರು, ಬೇಡವೆಂದು ಕಳಿಸಿಬಿಟ್ಟೆ ಎಂದರು. ಕಾರ್ಡಿನ ಬೆಲೆ ಅಲ್ಪ. ಸಣ್ಣ ಮೊತ್ತಕ್ಕೆ ವಿನಾಯಿತಿ ಇರಲಿಲ್ಲವೆ?

ಇತ್ತು, ಹೋಯಿತು. 22 ಯೂರೋವರೆಗಿನ ಸರಕಿಗಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ರಂದು ರದ್ದಾಯಿತು. ಅಲ್ಲಿಂದೀಚೆಗೆ ಒಂದು ಯೂರೋದ ಪೋಸ್ಟ್‌ಕಾರ್ಡಿಗೂ ವ್ಯಾಟ್ ಇದೆ. 150 ಯೂರೋವರೆಗಿನ ಸರಕಿಗೆ ಐಓಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಮಾರುವಾಗಲೇ ತೆರಿಗೆ ವಸೂಲು ಮಾಡಿದರೆ ಬಾಗಿಲಲ್ಲಿ ವ್ಯಾಟ್ ಕೇಳುವುದಿಲ್ಲ. ದೊಡ್ಡ ಮಾರುಕಟ್ಟೆ ತಾಣಗಳ ಮೂಲಕ ಮಾರಿದರೆ ತೆರಿಗೆ ವಸೂಲಿ ತಾಣದ ಹೊಣೆ. ಅದರ ಐಓಎಸ್‌ಎಸ್ ಸಂಖ್ಯೆ (‘ಐಎಂ’ ಅಕ್ಷರ, ಮುಂದೆ ಹತ್ತು ಅಂಕಿ) ಆರ್ಡರಿನ ವಿವರದಲ್ಲಿರುತ್ತದೆ. ಅದನ್ನು ಅಂಚೆಯ ಗಣಕ ನಮೂನೆಯಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ತುಂಬಬೇಕು. ನಿಮ್ಮ ಗಿರಾಕಿಯಂತೆ ಬಾಗಿಲಲ್ಲಿ ತೆರಿಗೆ ಕೇಳಿಸಿಕೊಂಡವರ ವಿಚಾರದಲ್ಲಿ ಹೆಚ್ಚಾಗಿ ಆಗಿರುವುದು ಇದೇ: ಸಂಖ್ಯೆಯನ್ನು ತುಂಬಿರುವುದಿಲ್ಲ, ಇಲ್ಲವೇ ಲಕೋಟೆಯ ಮೇಲೆ ಮಾತ್ರ ಬರೆದಿರುತ್ತಾರೆ. ಸ್ವಂತ ಜಾಲತಾಣದಲ್ಲಿ ಮಾರುವವರಿಗೆ ಸ್ವಂತ ನೋಂದಣಿ ಬೇಕು, ಅಥವಾ ತೆರಿಗೆ ಬೀಳುತ್ತದೆಂದು ಕೊಳ್ಳುವ ಪುಟದಲ್ಲೇ ಸ್ಪಷ್ಟವಾಗಿ ಹೇಳಬೇಕು. ಜೊತೆಗೆ 2024ರ ಡಿಸೆಂಬರ್ 13ರಿಂದ ಅಲ್ಲಿನ ಸರಕು ಸುರಕ್ಷತಾ ನಿಯಮದಂತೆ ಒಕ್ಕೂಟದೊಳಗೇ ಒಬ್ಬ ಜವಾಬ್ದಾರ ವ್ಯಕ್ತಿಯ ಹೆಸರು, ವಿಳಾಸ ತೋರಿಸಬೇಕು. ಚಿಲ್ಲರೆ ಕಾರ್ಡ್ ಮಾರುವವರಲ್ಲಿ ಹಲವರು ಯೂರೋಪನ್ನೇ ಬಿಟ್ಟದ್ದು ತೆರಿಗೆಗಿಂತ ಹೆಚ್ಚಾಗಿ ಇದರಿಂದ.

ಬ್ರಿಟನ್ನಿನಲ್ಲಿ 2021ರ ಜನವರಿಯಿಂದ 135 ಪೌಂಡ್‌ವರೆಗೆ ಇದೇ ರೀತಿ ಮಾರಾಟದ ಹೊತ್ತಿಗೇ ವ್ಯಾಟ್. ಅಮೆರಿಕ 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಸರಕಿಗೂ ನಿಲ್ಲಿಸಿತು. ಆಗ ಹಲವು ದೇಶಗಳ ಅಂಚೆ ಅಲ್ಲಿಗೆ ಸರಕು ಕಳಿಸುವುದನ್ನೇ ಕೆಲಕಾಲ ತಡೆದವು. ಅಲ್ಲಿನ ದರಗಳು ಬದಲಾಗುತ್ತಿರುವುದರಿಂದ ಕಳಿಸುವ ವಾರದಲ್ಲಿ ಅಂಚೆಯ ಪ್ರಕಟಣೆ ನೋಡಿಯೇ ಮುಂದುವರಿಯಿರಿ. ಬ್ರೆಜಿಲ್‌ಗಾದರೆ ಪಡೆಯುವವರ ತೆರಿಗೆ ಸಂಖ್ಯೆಯಾದ ಸಿಪಿಎಫ್ ಇಲ್ಲದೆ ಕಳಿಸಬೇಡಿ.

ಪ್ರಶ್ನೆ: ‘ಉಡುಗೊರೆ’ ಎಂದು ಗುರುತು ಹಾಕಿ, ಬೆಲೆ ಕಡಿಮೆ ಬರೆಯಿರಿ ಎಂದು ಗಿರಾಕಿಗಳು ಕೇಳುತ್ತಾರೆ.

ಬೇಡ. ಸಹಿ ನಿಮ್ಮದು, ಸುಳ್ಳು ಘೋಷಣೆಯ ಹೊಣೆಯೂ ನಿಮ್ಮದೇ. ಚೀಟಿಯಲ್ಲಿ ‘ಸರಕು ಮಾರಾಟ’ ಎಂಬ ಚೌಕಕ್ಕೇ ಗುರುತು ಹಾಕಿ. ಗಿರಾಕಿ ನಿಜಕ್ಕೂ ತೆತ್ತ ಬೆಲೆ ಬರೆಯಿರಿ. ರಿಯಾಯಿತಿ ಕೊಟ್ಟಿದ್ದರೆ ಕಳೆದ ಮೇಲಿನದು. ಹಾಳಾದದ್ದಕ್ಕೆ ಬದಲಿ ಕಳಿಸುವಾಗಲೂ ಸೊನ್ನೆ ಬರೆಯುವಂತಿಲ್ಲ, ವಸ್ತುವಿನ ಬೆಲೆಯೇ ಬರಬೇಕು.

ಪ್ರಶ್ನೆ: ಚೀಟಿಯ ಮೇಲೆ ಬಾರ್‌ಕೋಡ್ ಇದೆ, ಟ್ರ್ಯಾಕ್ ಮಾಡಿದರೆ ಏನೂ ಕಾಣುವುದಿಲ್ಲ. ಗಿರಾಕಿ ಜಗಳಕ್ಕೆ ನಿಂತಿದ್ದಾರೆ.

ಸಂಖ್ಯೆಯ ಮೊದಲ ಅಕ್ಷರ ನೋಡಿ. ಹೊರದೇಶದ ಅಂಚೆ ಸಂಖ್ಯೆ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ ಹೀಗಿರುತ್ತದೆ. ‘ಯು’ ಇಂದ ಶುರುವಾದರೆ ಅದು ಕಸ್ಟಮ್ಸಿನ ಗುರುತಿಗೆ ಮಾತ್ರ. ದಾರಿಯುದ್ದಕ್ಕೂ ಸ್ಕ್ಯಾನ್ ಆಗುವ ಭರವಸೆ ಇಲ್ಲ. ‘ಆರ್’ ರಿಜಿಸ್ಟರ್ಡ್, ‘ಎಲ್’ ಟ್ರ್ಯಾಕಿಂಗ್ ಇರುವ ಪತ್ರ ಸೇವೆ, ‘ಸಿ’ ಪಾರ್ಸೆಲ್, ‘ಇ’ ಇಎಂಎಸ್ ಎಂಬ ಶೀಘ್ರ ಅಂಚೆ. ‘ಯು’ ಸಂಖ್ಯೆಯನ್ನು ಗಿರಾಕಿಗೆ ಟ್ರ್ಯಾಕಿಂಗ್ ಎಂದು ಕೊಟ್ಟರೆ ಜಗಳವನ್ನು ನಾವೇ ಕರೆದಂತೆ.

ಸಂಖ್ಯೆ ತಪ್ಪಾಗಿ ಟೈಪಾಗಿದೆಯೇ ಎಂದೂ ಪರೀಕ್ಷಿಸಬಹುದು, ಒಂಬತ್ತನೇ ಅಂಕಿ ಇರುವುದೇ ಅದಕ್ಕೆ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಿಂದ ಕಳೆಯಿರಿ. 47312482ಕ್ಕೆ ಮೊತ್ತ 200, ಶೇಷ 2, ಉತ್ತರ 9. ಉತ್ತರ 10 ಬಂದರೆ 0, 11 ಬಂದರೆ 5 ಎಂದು ಹಿಡಿಯಬೇಕು.

ರಿಜಿಸ್ಟರ್ಡ್ ಲಕೋಟೆ ಕಾಣೆಯಾದರೆ ಕಳಿಸಿದ ಮರುದಿನದಿಂದ ಆರು ತಿಂಗಳೊಳಗೆ ವಿಚಾರಣೆ ಕೋರಬೇಕು. ಅದಕ್ಕೆ ಕಳಿಸಿದ ರಸೀದಿ, ಚೀಟಿಯ ಪ್ರತಿ, ಆರ್ಡರಿನ ಬೆಲೆ ತೋರಿಸುವ ಕಾಗದ ಬೇಕಾಗುತ್ತವೆ.

ಪ್ರಶ್ನೆ: ವಿಳಾಸ ಬೇರೆ ಲಿಪಿಯಲ್ಲಿ ಬಂದಿದೆ. ಹಾಗೇ ಅಂಟಿಸಲೇ?

ಅಂಟಿಸಿ, ಆದರೆ ಊರು ಮತ್ತು ದೇಶದ ಹೆಸರು ರೋಮನ್ ದೊಡ್ಡಕ್ಷರದಲ್ಲೂ ಇರಲಿ. ದೇಶದ ಹೆಸರು ಕೊನೆಯ ಸಾಲಿನಲ್ಲಿ ಒಂಟಿಯಾಗಿ ಬರಲಿ. ಮೂಲ ಲಿಪಿ ಬೇಕಾಗುವುದು ಅಲ್ಲಿನ ಅಂಚೆಯಣ್ಣನಿಗೆ, ರೋಮನ್ ಬೇಕಾಗುವುದು ಇಲ್ಲಿ ವಿಂಗಡಿಸುವವರಿಗೆ. ಗಣಕದ ನಮೂನೆ ಹಲವು ಸಲ ರೋಮನ್ ಅಕ್ಷರ ಮಾತ್ರ ತೆಗೆದುಕೊಳ್ಳುತ್ತದೆ. ಅಲ್ಲಿ ತುಂಬಿದ್ದಕ್ಕೂ ಲಕೋಟೆಯ ಮೇಲಿನದಕ್ಕೂ ಮನೆ ಸಂಖ್ಯೆ, ಪಿನ್‌ಕೋಡ್ ತಾಳೆಯಾಗುತ್ತವೆಯೇ ಎಂದು ನೋಡಿ. ಗಿರಾಕಿಯ ಫೋನ್ ಸಂಖ್ಯೆ ಅಥವಾ ಇಮೇಲನ್ನೂ ಅದರಲ್ಲೇ ಸೇರಿಸಿ; ಸುಂಕ ಕಟ್ಟಬೇಕಾದಾಗ ಅವರಿಗೆ ಸುದ್ದಿ ಮುಟ್ಟಿಸಲು ಅಲ್ಲಿನ ಅಂಚೆಗೆ ಅದು ನೆರವಾಗುತ್ತದೆ.